ಕಲ್ಲಿನ ಮೇಲಿನ ಐದನೆಯ ಸಾಲು

ನಮ್ಮ ಕೇರಿಯಲ್ಲಿ ಬಿ.ಎ. ಮಾಡಿದ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಶಿವನಿ ಸ್ಟೇಷನ್ನಿಗೆ ಒಂದೂವರೆ ಮೈಲಿ ನಡೆದು, ಬೆಳಗಿನ ರೈಲು ಹಿಡಿದು, ಬೀರೂರಿನಲ್ಲಿ ಇಳಿದು, ಅಲ್ಲಿಂದ ಕಡೂರಿಗೆ ಬಸ್ಸು ಹತ್ತಿ ಮೂರು ವರ್ಷ ಓದಿದವಳು ಇಷ್ಟು ಹೇಳಿಕೊಂಡರೆ ತಪ್ಪಿಲ್ಲ ಎಂದುಕೊಂಡಿದ್ದೇನೆ. ಆದರೆ ಆ ಸಲ ಊರಿನವರು ನನ್ನನ್ನು ಕರೆದದ್ದು ಬಿ.ಎ. ನೋಡಿ ಅಲ್ಲ. ನನ್ನ ಅಕ್ಷರ ದುಂಡಗಿತ್ತು, ಅದಕ್ಕೆ.

ಎಂಬತ್ತರ ದಶಕದ ನಡುವಿನ ಮಾತು. ತರೀಕೆರೆಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಆರು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮೂರಿನ ಹಳೆಯ ಮೇಷ್ಟ್ರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ನನಗೆ ಅ ಆ ಕಲಿಸಿದವರು. ನಿವೃತ್ತರಾಗಿದ್ದರು. ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಹಾಗೇ ಇತ್ತು.

"ಏನಮ್ಮಾ, ಟೈಪು ಹೊಡೆದೂ ಹೊಡೆದೂ ಕೈಬರಹ ಕೆಟ್ಟಿಲ್ಲ ತಾನೇ?"

"ಇಲ್ಲ ಸಾರ್."

"ಹಂಗಾದ್ರೆ ಭಾನುವಾರ ಊರಿಗೆ ಬಾ. ಕಲ್ಲಿನ ಮೇಲೆ ಬರೀಬೇಕು."

ಯಾವ ಕಲ್ಲು ಎಂದು ಕೇಳುವ ಅಗತ್ಯವಿರಲಿಲ್ಲ. ಊರಿನಲ್ಲಿ ಹೊಸ ಶಾಲೆ ರಸ್ತೆ ಬದಿಗೆ ಬಂದ ಮೇಲೆ ಹಳೆಯ ಶಾಲೆಯ ಜಾಗದಲ್ಲಿ ಮೂರು ಮೊಂಡು ಗೋಡೆ, ಲಂಟಾನ ಪೊದೆ ಉಳಿದಿದ್ದವು. ಅಲ್ಲಿ ಗೊಬ್ಬರದ ಗೋಡೌನು ಕಟ್ಟೋಣ ಎಂದು ಕೆಲವರು ಹೊರಟಾಗ, ಬಜಾರಿನ ಅಂಗಡಿ ಯಜಮಾನರು, "ನನ್ನ ಹೆಣದ ಮೇಲೆ ಕಟ್ರಿ" ಎಂದುಬಿಟ್ಟರಂತೆ. ಅವರು ಮಠದ ನಡೆನುಡಿಗೆ ಕಟ್ಟುಬಿದ್ದ ಶೈವರ ಮನೆಯವರು, ಜೋರು ಮಾತಿನವರಲ್ಲ. ಊರು ಆ ಒಂದು ಮಾತಿಗೆ ಸುಮ್ಮನಾಯಿತು. ಗೋಡೌನು ಬಿಟ್ಟು, ಅಲ್ಲಿ ಒಂದು ಕಟ್ಟೆ ಕಟ್ಟಿ, ಗೋಡೆ ಬಿದ್ದು ಸತ್ತ ಮಕ್ಕಳ ಹೆಸರು ಬರೆಸಿದ ಕಲ್ಲು ನಿಲ್ಲಿಸುವುದು ಎಂದು ಎಲ್ಲರೂ ಒಪ್ಪಿದರು.

ಮೇಷ್ಟ್ರು ಜೇಬಿನಿಂದ ಮಡಿಸಿದ ಹಾಳೆ ತೆಗೆದು ನನ್ನ ಟೈಪ್‌ರೈಟರ್ ಪಕ್ಕ ಬಿಡಿಸಿದರು. ಹಳೇ ಹಾಜರಿ ಪುಸ್ತಕದಿಂದ ಇಳಿಸಿಕೊಂಡ ನಾಲ್ಕು ಹೆಸರು, ಪಕ್ಕದಲ್ಲಿ ತರಗತಿ. ಅದರ ಕೆಳಗೆ ಐದು ಎಂಬ ಸಂಖ್ಯೆ ಇತ್ತು. ಅದರ ಮುಂದೆ ಏನೂ ಇರಲಿಲ್ಲ.

"ಹಾಜರಿಯಲ್ಲಿ ನಾಲ್ಕೇ. ಐದನೇದು ನಿಮ್ಮವ್ವನ್ನ ಕೇಳಿ ಬರಿ," ಎಂದರು. ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡು, ಕಾಫಿ ಕೂಡ ಕುಡಿಯದೆ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.

ಐದನೆಯವಳು ನನ್ನ ತಂಗಿ.

ಆಗ ನನಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ಅವಳಿಗೆ ನಾಲ್ಕು. ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೂಲಿ. ಅವ್ವ ಅಜ್ಜಂಪುರದ ಕಡೆಯ ಈರುಳ್ಳಿ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದಳು. ತಂಗಿಯನ್ನು ನೋಡಿಕೊಳ್ಳುವುದಾದರೆ ಶಾಲೆಗೆ ಹೋಗಬಹುದು ಎಂಬುದು ನಮ್ಮ ಮನೆಯ ಒಪ್ಪಂದ. ಹಾಗಾಗಿ ಒಂದು ಕಡೆ ಸೊಂಟದ ಮೇಲೆ ತಂಗಿ, ಇನ್ನೊಂದು ಕೈಯಲ್ಲಿ ಸ್ಲೇಟು. ಕೇರಿಯ ಹೆಣ್ಣುಮಕ್ಕಳೆಲ್ಲ ಹೀಗೇ ಬರುತ್ತಿದ್ದುದು. ಮೇಷ್ಟ್ರು ಬೈಯುತ್ತಿರಲಿಲ್ಲ. "ಏನ್ರೇ, ಇದು ಶಾಲೆಯೋ ತೊಟ್ಟಿಲ ಮನೆಯೋ?" ಎಂದು ನಗುತ್ತಿದ್ದರು ಅಷ್ಟೆ.

ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಹೊರದೇಶದಿಂದ ಮೂಟೆಯಲ್ಲಿ ಬರುತ್ತಿದ್ದ ಗೋಧಿ ನುಚ್ಚು, ಡಬ್ಬದ ಎಣ್ಣೆ. ಆ ಎಣ್ಣೆಯ ವಾಸನೆ ಈಗ ಬಂದರೂ ನನಗೆ ಹಸಿವಾಗುತ್ತದೆ. ಹಾಜರಿಯಲ್ಲಿ ಇದ್ದವರಿಗೆ ಮಾತ್ರ ಹಾಕಬೇಕೆಂಬುದು ಸರ್ಕಾರದ ಕಾನೂನು. ಅಡುಗೆ ಮಾಡುವ ಅಜ್ಜಿ ಸೌಟು ಹಿಡಿದು ಸಾಲಿನಲ್ಲಿ ಬರುವಾಗ ಕೂಸುಗಳ ಮುಂದೆಯೂ ಒಂದಿಷ್ಟು ಉದುರಿಸುತ್ತಿದ್ದಳು. ಮೇಷ್ಟ್ರು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದರು. ತಂಗಿಯ ತಟ್ಟೆ ಎಂದರೆ ಅಲ್ಯೂಮಿನಿಯಂ ಪಾತ್ರೆಯೊಂದರ ಮುಚ್ಚಳ. ಅದನ್ನು ಅವಳು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಒಬ್ಬನಿಗೆ ಬಿಟ್ಟು. ಅವನ ಮಾತು ಮುಂದೆ ಬರುತ್ತದೆ.

ಆ ವಾರವೆಲ್ಲ ಜಡಿಮಳೆ. ಎಂಟನೇ ದಿನಕ್ಕೆ ಬಿಸಿಲು ಬಂತು. ಶಾಲೆಯದು ಮಣ್ಣಿನ ಗೋಡೆ. ಮಳೆಯಲ್ಲಿ ನೆನೆದು ನಿಂತ ಗೋಡೆ ಬಿಸಿಲು ಬಂದಾಗ ಬೀಳುತ್ತದೆ ಎಂದು ಈಗ ನನಗೆ ಗೊತ್ತು. ಅವತ್ತು ಮಕ್ಕಳಿಗೂ ದೊಡ್ಡವರಿಗೂ ಕಂಡದ್ದು ಬಿಸಿಲು ಮಾತ್ರ. ಊಟದ ಗಂಟೆ ಹೊಡೆದಾಗ ಎಲ್ಲರೂ ಹೊರಗೆ ಓಡಿ, ಬಿಸಿಲು ಬಿದ್ದ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ತಂಗಿ ಚಳಿಗೆ ಮುದುಡಿಕೊಂಡಿದ್ದಳು. ನಾನೇ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದೆ. "ಇಲ್ಲೇ ಬೆಚ್ಚಗೆ ಕೂತ್ಕೋ, ಏಳ್ಬ್ಯಾಡ," ಎಂದೆ. ಅವತ್ತು ಕುಡಿಯುವ ನೀರು ತರುವ ಸರದಿ ನನ್ನದು. ಉಪ್ಪಿಟ್ಟು ಬಡಿಸಿ ಸ್ವಲ್ಪ ಹೊತ್ತಿಗೆ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಹಗ್ಗ ಬಾವಿಗೆ ಬಿಟ್ಟಿದ್ದೆ. ಬೆನ್ನ ಹಿಂದೆ ಗಾಡಿಯಿಂದ ಮೂಟೆ ಕೆಡವಿದಂಥ ಸದ್ದಾಯಿತು. ತುಂಬಾ ದೊಡ್ಡ ಸದ್ದೇನೂ ಅಲ್ಲ.

ಅದರ ಮುಂದಿನದನ್ನು ಬರೆಯುವುದಿಲ್ಲ.

ಮಾರನೆಯ ದಿನ ತಾಲ್ಲೂಕಿನ ಅಮಲ್ದಾರರು ಬಂದರು. ಅರಳಿಕಟ್ಟೆಯ ಮೇಲೆ ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕರೆದು ಕೇಳಿ ಬರೆಸಿಕೊಂಡರು. ಅಷ್ಟರಲ್ಲಿ ಅಡುಗೆ ಅಜ್ಜಿ ನಮ್ಮ ಗುಡಿಸಲಿಗೆ ಬಂದು ಅವ್ವನ ಕಿವಿಯಲ್ಲಿ ಹೇಳಿಹೋಗಿದ್ದಳು: ಹಾಜರಿಯಲ್ಲಿ ಇಲ್ಲದ ಕೂಸಿಗೆ ಉಪ್ಪಿಟ್ಟು ಹಾಕಿದ್ದು ಗೊತ್ತಾದರೆ ಮೇಷ್ಟ್ರ ಕೆಲಸ ಹೋಗುತ್ತದೆ. ಅವ್ವನನ್ನು ಕರೆದರು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಅಮಲ್ದಾರರು, ಮಗು ಅಲ್ಲಿಗೆ ಯಾಕೆ ಹೋಗಿತ್ತು ಎಂದು ಕೇಳಿದರು. ಅವ್ವ, "ಮೇಕೆ ಹಿಂದೆ ಹೋಗಿತ್ತು ಬುದ್ಧಿ," ಎಂದಳು. ಹಾಗೆಂದು ಬರೆದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಕಾಗದದಲ್ಲಿ ನಾಲ್ಕು ಜನ ಶಾಲಾ ಮಕ್ಕಳು, ಮತ್ತು ದಾರಿಯಲ್ಲಿ ಹೋಗುತ್ತಿದ್ದ ಒಂದು ಕೂಸು ಎಂದಾಯಿತು.

ಹದಿಮೂರು ವರ್ಷ ಆ ಮಾತು ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಊರಿಗೆ ಹೋದಾಗ ಅವ್ವ ಬಾಗಿಲಲ್ಲಿ ಕೂತು ಈರುಳ್ಳಿ ಸೊಪ್ಪು ಕೊಯ್ಯುತ್ತಿದ್ದಳು. ಅಪ್ಪ ತೀರಿಕೊಂಡು ಆಗಲೇ ಏಳೆಂಟು ವರ್ಷವಾಗಿತ್ತು. ಹಾಳೆ ತೋರಿಸಿದೆ. ಓದಲು ಬಾರದಿದ್ದರೂ ಖಾಲಿ ಸಾಲು ಯಾವುದೆಂದು ಅವಳಿಗೆ ತಿಳಿಯಿತು.

"ಬ್ಯಾಡ," ಎಂದಳು.

"ಯಾಕವ್ವಾ?"

"ಸ್ಕೂಲಿಗೆ ಸೇರ್ದೋಳೇ ಅಲ್ಲ. ಸ್ಕೂಲ್ ಕಲ್ಲಲ್ಲಿ ಅವಳ ಹೆಸ್ರು ಯಾಕೆ?"

"ಅವಳು ಅಲ್ಲೇ ಇದ್ಲಲ್ಲವ್ವಾ."

"ಮೇಕೆ ಹಿಂದೆ ಹೋಗಿದ್ಲು."

"ನಮ್ಮನೇಲಿ ಮೇಕೆ ಎಲ್ಲಿತ್ತು?"

ಅವ್ವ ಕುಡುಗೋಲು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಮಲ್ದಾರ್ರೇ ಕೇಳ್ಲಿಲ್ಲ, ನೀನು ಕೇಳಕ್ ಬಂದ್ಬಿಟ್ಟೆ. ಬಿ.ಎ. ಮಾಡಿಸಿದ್ದು ಇದಕ್ಕೇನೇ?"

ನನಗೂ ಸಿಟ್ಟು ಬಂತು. ಊರೆಲ್ಲ ಸೇರಿ ಮಕ್ಕಳ ಹೆಸರಿಗೆ ಕಲ್ಲು ನಿಲ್ಲಿಸುವಾಗ ನನ್ನ ತಂಗಿಯೊಬ್ಬಳನ್ನೇ ಬಿಟ್ಟು, ಆ ಕಲ್ಲಿಗೆ ನಾನೇ ಅಕ್ಷರ ಬರೆಯಬೇಕೇ ಎಂದು ಕೇಳಿದೆ. ಅವ್ವ ಸೊಪ್ಪನ್ನು ಮೊರಕ್ಕೆ ತಳ್ಳಿದಳು. "ಸರ್ಕಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೀನಿ ಕಣೇ. ಈಗ ಕಲ್ಲಲ್ಲಿ ಬೇರೆ ಬರ್ಸಿದ್ರೆ, ಅವತ್ತು ಸುಳ್ಳು ಹೇಳಿದ್ಲು ಅಂತ ಬತ್ತಾರೆ. ನನ್ನ ಹತ್ರ ಏನೈತೆ ಕಿತ್ಕೊಳ್ಳಕ್ಕೆ? ನಿನ್ ಕೆಲ್ಸಕ್ಕೆ ಬತ್ತಾರೆ. ಇನ್ನೂ ಗಟ್ಟಿ ಆಗಿಲ್ಲ ಅಂತ ನೀನೇ ಅಂದಿದೀಯ."

ಕಚೇರಿಯಲ್ಲಿ ಇರುವವಳು ನಾನು. ಹಾಗೆ ಯಾರೂ ಬರುವುದಿಲ್ಲ, ಹಳೇ ಕಾಗದವನ್ನು ಗೆದ್ದಲು ಬಿಟ್ಟು ಬೇರೆ ಯಾರೂ ತೆಗೆಯುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. "ನೀನು ಬರ್ಯಕ್ಕೆ ಒಪ್ಕಂಡಿದೀಯ, ನಾಲ್ಕು ಬರ್ದು ಬಾ," ಎಂದಳು. ಆಮೇಲೆ ಏನನ್ನಿಸಿತೋ, ಪೊರಕೆ ತೆಗೆದುಕೊಂಡು ಅವಳೂ ನನ್ನ ಹಿಂದೆಯೇ ಹೊರಟಳು. ಕಟ್ಟೆ ಗುಡಿಸುವುದಕ್ಕಂತೆ.

ಹಳೆಯ ಶಾಲೆಯ ಜಾಗದಲ್ಲಿ ಕಟ್ಟೆ ಮುಗಿದಿತ್ತು. ಕಲ್ಲು ಇನ್ನೂ ಮರಳಿನ ಗುಡ್ಡೆಯ ಮೇಲೆ ಅಂಗಾತ ಮಲಗಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಕಲ್ಲುಕುಟಿಗ ಬೀಡಿ ಸೇದುತ್ತಿದ್ದ. ಅವನ ಕೆಲಸದ ರೀತಿ ಹೀಗೆ: ಯಾರಾದರೂ ಕಲ್ಲಿನ ಮೇಲೆ ಕೆಮ್ಮಣ್ಣಿನಲ್ಲಿ ಅಕ್ಷರ ಬರೆದುಕೊಡಬೇಕು. ಅವನು ಕೆಂಪು ಕಂಡಲ್ಲೆಲ್ಲ ಉಳಿ ಹೊಡೆಯುತ್ತಾನೆ.

"ನಿಮಗೆ ಓದೋಕೆ ಬರುತ್ತಾ?" ಎಂದೆ.

"ಬರಲ್ಲ ಕಣವ್ವ. ಅದ್ಕೇ ನಾನು ತಪ್ಪು ಮಾಡಲ್ಲ. ತಪ್ಪು ಬರ್ಯೋರೆಲ್ಲ ಓದಿದೋರೇಯ," ಎಂದು ಕೆಮ್ಮಣ್ಣಿನ ತೆಂಗಿನ ಚಿಪ್ಪು, ತುದಿ ಜಜ್ಜಿದ ಈಚಲು ಕಡ್ಡಿ ನನ್ನ ಮುಂದಿಟ್ಟ.

ಮೇಷ್ಟ್ರು ಬಂದರು. ಅಂಗಡಿ ಯಜಮಾನರೂ ಬಂದರು. ಅವರಿಗಾಗಲೇ ವಯಸ್ಸಾಗಿತ್ತು. ಕೈಕೋಲು ಹಿಡಿದಿದ್ದರು. ಪಟ್ಟಿಯಲ್ಲಿ ಮೂರನೆಯ ಹೆಸರು ಅವರ ಮೊಮ್ಮಗನದು, ಒಂದನೇ ಕ್ಲಾಸು. ನಾನು ಮಂಡಿಯೂರಿ ಕೂತು ಬರೆಯತೊಡಗಿದೆ. ಒಂದು, ಎರಡು. ಮೂರನೆಯದಕ್ಕೆ ಬಂದಾಗ ಯಜಮಾನರು ನನ್ನ ಪಕ್ಕಕ್ಕೆ ಬಂದು ನಿಂತರು. ಕೊನೆಯ ಅಕ್ಷರ ಆಗುವವರೆಗೂ ಕಡ್ಡಿಯ ತುದಿಯನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನೀನು ಅವತ್ತು ಅಲ್ಲೇ ಇದ್ದೆಯಲ್ಲವ್ವಾ. ಒಂದು ಮಾತು ಕೇಳ್ತೀನಿ. ಇವನು ಉಪ್ಪಿಟ್ಟಿನ ಸಾಲಲ್ಲಿ ಇದ್ನಾ?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಹಳೇ ಅಭ್ಯಾಸದಂತೆ ಬೇರೆ ಕಡೆ ನೋಡಿದರು.

ಯಜಮಾನರೇ ಮುಂದುವರಿಸಿದರು. "ನಮ್ಮನೇಲಿ ಹೊರಗಿನ ಅಡುಗೆ ತಿನ್ನಕ್ಕೆ ಬಿಡ್ತಿರ್ಲಿಲ್ಲ. ಅವತ್ತು ಬೆಳಿಗ್ಗೆನೂ ಬೈದು ಕಳ್ಸಿದ್ದೆ. ಸ್ಕೂಲಲ್ಲಿ ತಿಂದ್ರೆ ಮನೆ ಒಳಗೆ ಬರಬ್ಯಾಡ ಅಂತ ಅಂದಿದ್ದೆ. ಅಮಲ್ದಾರ್ರ ಮುಂದೆ, ಪುಸ್ತಕ ತರಕ್ಕೆ ಅಂತ ಆ ಕಡೆ ಹೋಗಿದ್ದ ಅಂತ ಬರ್ಸಿದೆ. ಮನೆಗೆ ಬಂದು ತಟ್ಟೆ ಎಲ್ಲಾ ಎಣಿಸಿದ್ವಿ. ಒಂದೂ ಕಡಿಮೆ ಇರ್ಲಿಲ್ಲ. ತಟ್ಟೆ ಇಲ್ಲದೆ ಎಂಗೆ ತಿಂತಾನೆ ಅಂತ ನಮ್ಮೋಳು ಸಮಾಧಾನ ಮಾಡ್ಕಂಡ್ಲು. ನಂಗೆ ಆಗ್ಲಿಲ್ಲ."

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನಮ್ಮ ಕೇರಿಯ ಹುಡುಗಿಯೊಬ್ಬಳು ಆ ಮನೆಯ ಹಿರಿಯರಿಗೆ ಆ ಉತ್ತರ ಹೇಳುವ ಕಾಲ ಅದಾಗಿರಲಿಲ್ಲ. ಅವ್ವ ಪೊರಕೆ ನಿಲ್ಲಿಸಿ, ಬೇಡ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದಳು. ಆದರೂ ಹೇಳಿದೆ.

"ಇದ್ದ ಯಜಮಾನ್ರೇ. ಅವನ ಹತ್ರ ತಟ್ಟೆ ಇರ್ತಿರ್ಲಿಲ್ಲ. ದಿನಾ ನನ್ನ ತಂಗಿ ಮುಚ್ಚಳದಲ್ಲೇ ತಿಂತಿದ್ದ. ಅವತ್ತೂ ಅಷ್ಟೆ. ನಾನು ನೀರಿಗೆ ಹೋಗೋವಾಗ ಇಬ್ರೂ ಒಂದೇ ಮುಚ್ಚಳಕ್ಕೆ ಕೈ ಹಾಕಿದ್ರು."

ಕಲ್ಲುಕುಟಿಗ ಬೀಡಿಯನ್ನು ನೆಲಕ್ಕೆ ಒತ್ತಿದ. ಯಜಮಾನರು ಮರಳಿನ ಗುಡ್ಡೆಯ ಮೇಲೆ ಹಾಗೇ ಕೂತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

"ತಿಂದಿದ್ನಾ? ಹಸ್ಕಂಡು ಹೋಗ್ಲಿಲ್ಲ ತಾನೇ?"

"ಅರ್ಧ ಆಗಿತ್ತು."

"ಅರ್ಧ," ಎಂದರು. ಮೇಲುವಸ್ತ್ರದಲ್ಲಿ ಮುಖ ಒರೆಸಿಕೊಂಡರು. "ಮನೇಲಿ ನಮ್ಮೋಳಿಗೆ ಹೇಳಬ್ಯಾಡ್ರಪ್ಪ ಯಾರೂ. ಅವಳು ತಡ್ಕಳಲ್ಲ." ಅವರ ಹೆಂಡತಿಯಾಗಲಿ ಯಜಮಾನರಾಗಲಿ ಈಗ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕನೆಯ ಹೆಸರನ್ನೂ ಬರೆದೆ. ಅದರ ಕೆಳಗೆ ಒಂದು ಗೇಣು ಜಾಗ ಉಳಿದಿತ್ತು. ಯಜಮಾನರು ಕೂತಲ್ಲಿಂದಲೇ ಕೋಲಿನಿಂದ ಆ ಜಾಗ ತೋರಿಸಿದರು.

"ಇಲ್ಲಿಗೆ?"

ಮೇಷ್ಟ್ರು ಅವ್ವನ ಕಡೆ ನೋಡಿದರು. ಅವ್ವ ನೆಲ ನೋಡುತ್ತಿದ್ದಳು.

"ಏನವ್ವಾ, ನಿನ್ನ ಮಗಳ ಮುಚ್ಚಳದಲ್ಲಿ ಉಂಡೋನ ಹೆಸ್ರು ಇರ್ಬೇಕು, ಉಣ್ಣಿಸಿದೋಳ್ದು ಬ್ಯಾಡ್ವಾ?" ಎಂದರು ಯಜಮಾನರು.

"ಹಾಜರೀಲಿ ಇಲ್ಲ ಬುದ್ಧಿ," ಎಂದಳು ಅವ್ವ. "ಮೇಷ್ಟ್ರಿಗೆ ತೊಂದ್ರೆ ಆಗ್ತದೆ."

"ನಂಗೆ ಪಿಂಚಣಿ ಬರ್ತಿದೆ ಕಣಮ್ಮ, ಇನ್ನು ಯಾವ ತೊಂದ್ರೆ," ಎಂದರು ಮೇಷ್ಟ್ರು. "ನೀನು ಅವತ್ತು ಮೇಕೆ ಅಂದಿದ್ದಕ್ಕೆ ನನ್ನ ಕೆಲಸ ಉಳೀತು. ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಆ ಹಾಳೇಲಿ ಐದು ಅಂತ ಬರೆಯೋಕೆ ಇಷ್ಟು ವರ್ಷ ಆಯ್ತು ನಂಗೆ."

ಅವ್ವ ಅದಕ್ಕೂ ಅಲುಗಲಿಲ್ಲ. ಆಗ ನನಗೆ ಒಂದು ಹೊಳೆಯಿತು. ತಂಗಿ ಅಲ್ಲಿ ಕೂತದ್ದು ಹೇಗೆ ಎಂದು ಯಾರೂ ಕೇಳದಿರಲಿ ಎಂದು ನಾನೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಮೊದಲು ಅದನ್ನು ಹೇಳದೆ ಅವಳನ್ನು ಬಲವಂತ ಮಾಡುವುದು ತಪ್ಪು ಎನಿಸಿತು. ಈಚಲು ಕಡ್ಡಿ ಕೆಳಗಿಟ್ಟೆ.

"ಅವ್ವಾ, ಅವಳಾಗೇ ಹೋಗಿ ಕೂತಿದ್ದಲ್ಲ. ಚಳಿ ಆಗ್ತೈತೆ ಅಂತ ನಾನೇ ಗೋಡೆಗೆ ಒರಗಿಸಿ ಕೂರ್ಸಿದ್ದೆ. ಏಳ್ಬ್ಯಾಡ ಅಂತನೂ ಅಂದಿದ್ದೆ."

"ಗೊತ್ತು," ಎಂದಳು ಅವ್ವ.

ನಾನು ಮಂಡಿಯೂರಿದಲ್ಲಿಂದಲೇ ತಲೆ ಎತ್ತಿದೆ.

"ನಾಲ್ಕು ವರ್ಸದ ಕೂಸ್ನ ನೀನಲ್ದೆ ಇನ್ಯಾರೇ ಕೂರಿಸ್ತಾರೆ? ಅದ್ಕೇ ಮೇಕೆ ಅಂದಿದ್ದು." ಪೊರಕೆಯ ಕಡ್ಡಿಗಳನ್ನು ಅಂಗೈಗೆ ತಟ್ಟಿ ಸಮ ಮಾಡುತ್ತಾ ಹೇಳಿದಳು. "ಮೇಷ್ಟ್ರಿಗೂ ಹೌದು ಅನ್ನು. ಆದ್ರೆ ಮೊದ್ಲು ನಿಂಗೆ. ಸ್ಕೂಲಲ್ಲಿತ್ತು ಅಂದಿದ್ರೆ ಯಾರು ಕರ್ಕಂಡು ಬಂದ್ರು, ಯಾರು ಕೂರ್ಸಿದ್ರು ಅಂತ ಕೇಳೋರು. ನೀನು ನನ್ ಸೆರಗು ಹಿಡ್ಕಂಡೇ ನಿಂತಿದ್ದೆ. ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳ್ಬಿಡೋಳು. ಊರೋರ ಬಾಯಿ ಮುಚ್ಚಕ್ ಆಗ್ತಿತ್ತಾ? ಆಮ್ಯಾಕೆ ನೀನು ಆ ಸ್ಕೂಲ್ ಮೆಟ್ಲು ಹತ್ತೋಳಾ?"

ಹತ್ತುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ತಂಗಿ ಹೋದ ಹದಿನೈದನೇ ದಿನಕ್ಕೆ ಅವ್ವ ನನ್ನ ಕೈಗೆ ಸ್ಲೇಟು ಕೊಟ್ಟು, ಮರದ ನೆರಳಲ್ಲಿ ನಡೆಯುತ್ತಿದ್ದ ಶಾಲೆಗೆ ತಾನೇ ಬಿಟ್ಟುಬಂದಿದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ, "ಪಾಪ, ಮೇಕೆ ಹಿಂದೆ ಹೋಗಿತ್ತಂತೆ," ಎಂದು ಮರುಗಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಏಳನೇ ಕ್ಲಾಸು, ಎಸ್.ಎಸ್.ಎಲ್.ಸಿ., ಶಿವನಿಯ ಬೆಳಗಿನ ರೈಲು, ಕಡೂರಿನ ಬಿ.ಎ. ಇವೆಲ್ಲ ನನ್ನ ಹಟದಿಂದಲೇ ಆದವು ಎಂದು ನಾನು ತಿಳಿದಿದ್ದೆ. ಹಟ ನನ್ನದೇ, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಇಲ್ಲದ ಒಂದು ಮೇಕೆ ಇತ್ತು.

ನಾನು ಅಲ್ಲೇ, ಎಲ್ಲರ ಮುಂದೆ, ಚಿಕ್ಕ ಹುಡುಗಿಯ ಹಾಗೆ ಅತ್ತೆ. ಅವ್ವ ಅಳಲಿಲ್ಲ. "ಸಾಕು, ಕೆಮ್ಮಣ್ಣು ಒಣಗ್ತದೆ," ಎಂದಳು.

"ಏನು ಮಾಡ್ಲವ್ವಾ?"

"ಈಗ ನಿನ್ನ ಏನೂ ಮಾಡಕ್ ಆಗಲ್ಲ ಅಂತ ಓದಿರೋ ನೀನೇ ಹೇಳ್ತಿದೀಯ. ದಿಟಾನಾ?"

"ದಿಟ ಕಣವ್ವಾ."

"ಹಂಗಾದ್ರೆ ಬರಿ."

ತಂಗಿಗೆ ಶಾಲೆಯ ಹೆಸರು ಎಂದು ಬೇರೆ ಇರಲಿಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಬರೆದೆ. ನನ್ನ ಜೀವನದಲ್ಲಿ ಅಷ್ಟು ನಿಧಾನವಾಗಿ ನಾನು ಏನನ್ನೂ ಬರೆದಿಲ್ಲ. ಹೆಸರಾದ ಮೇಲೆ ಕೈ ನಿಂತಿತು. ಮೇಲಿನ ನಾಲ್ಕು ಸಾಲಿನಲ್ಲೂ ಹೆಸರಿನ ಪಕ್ಕ ತರಗತಿ ಇತ್ತು. ಇಲ್ಲಿ ಏನು ಬರೆಯಲಿ ಎಂದು ಮೇಷ್ಟ್ರನ್ನು ಕೇಳಿದೆ.

"ಒಂದನೇ ತರಗತಿ," ಎಂದರು ತಡವರಿಸದೆ.

"ಸೇರ್ಸಿರ್ಲಿಲ್ವಲ್ಲ ಸಾ," ಎಂದಳು ಅವ್ವ.

"ಸೇರಿಸ್ಕೊಳ್ಳೋನು ನಾನು ತಾನೇ? ಸೇರಿಸ್ಕೊಂಡೆ ಅಂತ ಹೇಳ್ತಿದ್ದೀನಲ್ಲ. ಬರಿಯಮ್ಮ."

ಬರೆದೆ. ಕಲ್ಲುಕುಟಿಗ ಪಕ್ಕಕ್ಕೆ ಸರಿಯಲು ಹೇಳಿ, ಕಲ್ಲನ್ನು ಒಂದು ಸುತ್ತು ನೋಡಿ, "ಯಾವುದ್ರಿಂದ ಶುರು ಮಾಡ್ಲಿ?" ಎಂದ. ಯಜಮಾನರು ಕೋಲಿನ ತುದಿಯನ್ನು ಐದನೆಯ ಸಾಲಿನ ಪಕ್ಕ ಊರಿದರು. "ಇದು ಹಸೀದು. ಯಾರಾದ್ರೂ ಕೈ ಇಟ್ಟು ಅಳಿಸೋಕೆ ಮುಂಚೆ ಇದನ್ನ ಹೊಡೀ."

ಉಳಿಯ ಮೊದಲ ಏಟು ಬಿದ್ದಾಗ ಅವ್ವ ಹತ್ತಿರ ಬಂದು ಬಗ್ಗಿ ನೋಡಿದಳು.

"ಇದೇನಾ ಅವಳ್ದು?"

"ಇದೇ ಕಣವ್ವಾ."

"ಇಷ್ಟೇನಾ?"

"ಎರಡೇ ಅಕ್ಷರ ಅಲ್ವಾ ಅವಳ ಹೆಸ್ರು."

ಅವ್ವ ಹೆಬ್ಬೆರಳು ಮತ್ತು ಕಿರುಬೆರಳನ್ನು ಚಾಚಿ, ಕೆಂಪು ಒರೆಸಿಹೋಗದ ಹಾಗೆ ಮೇಲಿನಿಂದಲೇ ಅಳೆದಳು. ಅರ್ಧ ಗೇಣೂ ಇರಲಿಲ್ಲ. ಆಮೇಲೆ ಪೊರಕೆ ಎತ್ತಿಕೊಂಡು, ಕಲ್ಲಿನ ಚೂರು ಹಾರಿ ಬೀಳುತ್ತಿದ್ದ ಕಡೆಯೇ ನಿಂತು, ಬಿದ್ದಬಿದ್ದ ಹಾಗೆ ಗುಡಿಸತೊಡಗಿದಳು. ಕೆಲಸ ಮುಗಿದ ಮೇಲೆ ಗುಡಿಸಿದರಾಯಿತು ಎಂದು ಕಲ್ಲುಕುಟಿಗ ಎರಡು ಸಲ ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ.